ಆರು ಮಗ್ಗದ ಶೆಡ್ಡು

ಬನಹಟ್ಟಿಯಾಗ, ನೀರಿನ ಟಾಕಿ ಹಿಂದ,
ಆರು ಪವರ್‌ಲೂಮು ನಿಂತಿದ್ದ ಶೆಡ್ಡು.
ಮಗ್ಗ ಗುಜರಿಗೆ ಹೋದವು, ಕಿಲೋ ಲೆಕ್ಕದಾಗ.
ಉಳಿದದ್ದು ಇಪ್ಪತ್ನಾಕು ಬೋಲ್ಟು,
ನೆಲದಾಗ ಕಾಲೂರಿ,
ಪಗಾರ ಮುಟ್ಟೂತನಕ ಏಳದ ಆಳಿನ ಹಂಗ.

ಇಮಾಮಹುಸೇನ ಗ್ಯಾಸ್ ಕಟರ್ ತಂದು
ಇಪ್ಪತ್ಮೂರು ಕೊಯ್ದ.
ಕಡೀದಕ್ಕ ಸಿಲಿಂಡರ್ ಮುಗೀತು.
‘ಅದರ ಮ್ಯಾಲ ನೀರಿನ ಕೊಡ ಇಡ್ರಿ ಅಕ್ಕಾರ’ ಅಂದ.
ಇಟ್ಟೆ.

ಸಾಂಗ್ಲಿ ಅಂಗಡಿಯಂವ ಹೆಬ್ಬಟ್ಟು ಒತ್ತಿ ತೋರಿಸಿದ:
ಇದು ಇಪ್ಪತ್ತೈದು ಎಂಎಂ, ಇದು ನಲವತ್ತು.
ಬರೇ ಕರಾಟೆ ಆದ್ರ ಇಪ್ಪತ್ತೈದು ಸಾಕು,
ಎತ್ತಿ ಒಗಿಯೂದಿದ್ರ ನಲವತ್ತು.
ಎತ್ತಿ ಒಗಿಯೂದ ಐತಿ, ಅಂದೆ.
ಯಾರ್ನ?
ಹುಡುಗ್ಯಾರ್ನ.
ಯಾರು?
ಹುಡುಗ್ಯಾರ.
ಅಂವ ನನ್ನ ಬಲಗಿವಿ ನೋಡಿದ,
ಕರಿದ ಸಂಡಿಗಿ ಹಂಗ ಮುರುಟಿದ್ದು,
ಬೆಂಡೋಲಿ ಹಿಡೀಲಾರದ್ದು.
ಆಮ್ಯಾಲ ಸುಮ್ಮನ ರೇಟು ಇಳಿಸಿದ.

ಅಪ್ಪನ ಗರಡಿಗೆ ಕೆಮ್ಮಣ್ಣು ಜರಡಿ ಹಿಡದಾಕಿ ನಾನು.
ಮಜ್ಜಿಗಿ, ಲಿಂಬಿಹುಳಿ, ಅರಿಷಿಣ, ಗಾಣದೆಣ್ಣಿ
ಕಲಸಿ, ಮೊಣಕೈ ತನಕ ಕೆಂಪಾಗಿ,
ಬುಟ್ಟಿ ಹೊತ್ತು ಬಾಗಿಲಕ ಬರ್ತಿದ್ದೆ.
ಹೊಸ್ತಿಲಾ ದಾಟಿದ್ದು ಮಣ್ಣಷ್ಟ.

ಮ್ಯಾಟಿನ ಹೊದಿಕಿ ಮೀರಾಸಾಬ ಹೊಲದ,
ಕಬ್ಬಿನ ಟ್ರ್ಯಾಕ್ಟರಿಗೆ ತಾಡಪತ್ರಿ ಹೊಲಿಯೂ ಮಶೀನಿನ ಮ್ಯಾಲ.
ಎಳದು ಕಟ್ಟಬೇಕವಾ, ಅಂದ,
ಒಂದು ಸುಕ್ಕು ಉಳಿದ್ರ ಕಾಲಬೆರಳು ಮುರೀತೈತಿ.
ನಾಕು ಮಂದಿ ನಾಕು ಮೂಲಿ ಹಿಡದು ಜಗ್ಗಿದ್ವಿ,
ಸತ್ತವರ ಮನಿ ಜಮಖಾನಿ ಝಾಡಿಸಿದಂಗ.
ಗ್ವಾಡಿಗೆ ಹಳೇ ಸೋಫಾದ ಹೊಟ್ಟಿ ಬಗದು ಕಟ್ಟಿದೆ.
ಮ್ಯಾಲಿನ ಶಾಫ್ಟಿಗೆ ಮಿಣಿಹಗ್ಗ.
ಎಳ್ಯಾಕ ಸೈಕಲ್ ಟ್ಯೂಬು, ಸಕೀನಾನ ಅಪ್ಪನ ಪಂಕ್ಚರ್ ಅಂಗಡೀದು,
ಒಂದೊಂದಕ ಮೂರ್ಮೂರು ತೇಪಿ.

ಇನ್ನು ಗೊಂಬಿ.
ಮನಿಷ್ಯಾನ ತೂಕದ್ದು, ಹದಿನೆಂಟು ಸಾವಿರ ಅಂದ್ರು.
ಬ್ಯಾಡಾತು.
ಅಣ್ಣನ ಜೀನ್ಸು, ಅಣ್ಣನ ಜಾಕೀಟು ಕೂಡಿಸಿ ಹೊಲದು
ಮೂಲ್ಯಾಗ ಬಿದ್ದಿದ್ದ ನೂಲಿನ ಸಿಕ್ಕು ತುರುಕಿದೆ:
ಮೂವತ್ತು ವರ್ಷದ ಸಿಕ್ಕು,
ಯಾರ ಮೈಮ್ಯಾಲೂ ಸೀರಿ ಆಗಲಾರದ ಕೆಂಪು, ಗಿಣಿಹಸರು,
ತೊಡಿಗೆ ಎರಡು ಬುಟ್ಟಿ ಘಟಪ್ರಭಾದ ಉಸುಕು.
ತೂಗಿದ್ರ ನಲವತ್ತೆಂಟು ಕಿಲೋ.

ದ್ರಾಕ್ಷಾಯಣಿ ಅದಕ್ಕ ಸ್ವಾದರಮಾವ ಅಂತ ಹೆಸರಿಟ್ಟಳು.
ದಿನಾ ಮುಂಜಾನೆ ಮಾವನ ನಡಾ ಹಿಡದು
ಮೂವತ್ತು ಸಲ ಎತ್ತಿ ಒಗೀತಾಳ.
ಆಕೀಗಿ ಹದಿನಾರು. ಯಾಕಂತ ನಾ ಕೇಳಲಿಲ್ಲ.
ಖರೇ ಮಾವ ಒಂದಿನ ಬಂದಿದ್ದ,
ಕೈಯಾಗ ಫೇಡೆ ಪೊಟ್ಟಣ.
ಬಾಗಿಲದಾಗ ನಿಂತು ಆಕೀ ಪಟ್ಟು ನೋಡಿದ,
ಗೊಂಬೀ ಕುತ್ತಿಗಿ ನೋಡಿದ,
ಚಪ್ಪಲಿ ಬಿಡದ ಹ್ವಾದ.
ಫೇಡೆ ನಾವ ತಿಂದ್ವಿ.

ಅಪ್ಪ ಬಂದದ್ದು ಕಾರ ಹುಣ್ಣಿವಿ ಮರುದಿನ.
ಮ್ಯಾಟು ಮೂಸಿ ನೋಡಿದ. ಪೇಂಟಿನ ವಾಸನಿ, ಅಂದ.
ಅಂಗೈಲೆ ಬಡದ. ಹಿಮ್ಮಡಲೆ ತುಳದ.
‘ಇದು ಬೆವರು ಕುಡ್ಯಾಂಗಿಲ್ಲ.’
ಇಲ್ಲಪಾ. ದಿನಾ ಫಿನಾಯಿಲ್ ಹಾಕಿ ನಾವ ಒರಸ್ತೇವಿ.
‘ಬಿದ್ದಾಂವ್ಗ ಮಣ್ಣು ಹತ್ತಾಂಗಿಲ್ಲ. ಸೋತದ್ದು ಹ್ಯಾಂಗ ತಿಳೀತೈತಿ?’
ಅದಕ್ಕ ನನ್ನಲ್ಲಿ ಉತ್ತರ ಇರಲಿಲ್ಲ.
ಅಂವ ಅಂಗಾತ ಬಿದ್ದುಕೊಂಡು ತಗಡು ನೋಡಿದ.
ಎಪ್ಪತ್ತು ವರ್ಷದಾಗ ತಾನಾಗಿ ಬೆನ್ನು ಊರಿದ್ದು ಅದ ಮೊದಲಿರಬೇಕು.
ನಿದ್ದಿ ಹತ್ತಿತು.
ಹುಡುಗ್ಯಾರು ಅಂವನ್ನ ಸುತ್ತುಹಾಕಿ
ಸಪ್ಪಳಿಲ್ಲದ ಬೀಳೂದು ಕಲಿಲಿಕ್ಕ ನೋಡಿದ್ರು.
ಆಗಲಿಲ್ಲ.

ಈಗ ದಿನಾ ಐದಕ್ಕ ಸುರು:
ಧಪ್, ಧಪ್, ನಡುವ ಒಂದು ನಗಿ, ಧಪ್.
ಬಾಜೂಮನಿ ಗುರಸಿದ್ದವ್ವ,
ನಲವತ್ತು ವರ್ಷ ಕಂಡಿಕಿ ಸುತ್ತಿದಾಕಿ, ಕಿವಿ ಮಂದ,
ಕಸಬರಗಿ ಹಿಡಕೊಂಡ ಬಂದು ಕೇಳಿದಳು:
‘ಮಗ್ಗಾ ಮತ್ತ ಹಚ್ಚೀಯೇನ ತಂಗಿ?’
ಹಚ್ಚೇನಿ.
‘ಎಷ್ಟು?’
ಹನ್ನೊಂದು.
‘ಕರೆಂಟ್ ಬಿಲ್ಲು ಭಾಳ ಬರ್ತೈತಿ, ನೋಡವಾ’ ಅಂತ
ಹೇಳತಿರೂದ್ರಾಗ
ಒಳಗ ಯಾರೋ ಕೊಡಕ್ಕ ಬಡದ್ರು, ಕೊಡ ಉರುಳಿತು,
ಇಪ್ಪತ್ನಾಕನೇ ಬೋಲ್ಟು ತಲಿ ಎತ್ತಿತು.
ಏ, ಬಟ್ಟಿ ತರ್ರೇ ಲಗೂ,
ನೀರು ಮ್ಯಾಟಿನ ಕೆಳಗ ಹೊಂಟೈತಿ!