ಎಷ್ಟನೇ ಮೆಟ್ಟಿಲು

ಬ್ರೋಕರ್ ಮುನಿನಂಜಪ್ಪ ನಲ್ಲಿ ತಿರುಗಿಸಿ ತೋರಿಸುತ್ತಾನೆ:
‘ನೀರಿಗೇನೂ ತೊಂದರೆ ಇಲ್ಲ ಮೇಡಂ,
ಕಾವೇರಿನೂ ಇದೆ, ಬೋರೂ ಇದೆ.’
ನಾನು ಕೇಳಿದ್ದು ಆ ನೀರಲ್ಲ.

ಮೂವತ್ತೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತವಳು,
ಊರಿನ ತಗ್ಗು ನನಗೆ ಅಂಗಾಲಲ್ಲಿ ಗೊತ್ತು.
ಈ ಸ್ಟಾಪಿನಲ್ಲಿ ಒಂದನೇ ಮೆಟ್ಟಿಲು,
ಅಂಡರ್‌ಪಾಸಿನಾಚೆ ಎರಡನೆಯದು,
ಕಾಲುವೆಯ ಗೋಡೆ ಕುಸಿದ ಒಂದು ಸಂಜೆಯಂತೂ
ಯಾರದೋ ಸೊಪ್ಪಿನ ಚೀಲ ಲೇಡೀಸ್ ಸೀಟಿನಡಿಯಿಂದ
ತೇಲಿಕೊಂಡು ಡ್ರೈವರ್ ಹತ್ತಿರ ಹೋಗಿತ್ತು,
ಟಿಕೆಟ್ ಇಲ್ಲದೆ.

ಈಗ ನಾನೂ ಫಿಲೋಮಿನಾಳೂ ಮನೆ ಹುಡುಕುತ್ತಿದ್ದೇವೆ.
ಒಂದೇ ಡಿಪೋ, ಒಂದೇ ವರ್ಷ ರಿಟೈರು.
ಅವಳ ಗಂಡ ತೀರಿಕೊಂಡ, ನನಗೆ ಆಗಲೇ ಇಲ್ಲ.
ಇಬ್ಬರ ಗ್ರಾಚ್ಯುಟಿ ಕೂಡಿಸಿದರೆ
ಒಂದು ಭೋಗ್ಯಕ್ಕಾಗುತ್ತದೆ.

ಹೆಸರು ಮೊದಲು ನೋಡು ಅನ್ನುತ್ತಾಳೆ ಅವಳು.
ಕೆರೆ ಅಂತಿದ್ದರೆ ಬೇಡ. ಸಂದ್ರ ಅಂತಿದ್ದರೂ ಬೇಡ,
ಅದು ಸಮುದ್ರವೇ, ನಾಲಿಗೆಯಲ್ಲಿ ಸವೆದು ಹಾಗಾಗಿದೆ.
ದಿಣ್ಣೆ ಸಿಕ್ಕರೆ ಬಿಡಬೇಡ.
ಲೇಕ್ ವ್ಯೂ ಅಂದರೆ
ಕೆರೆ ನಿನ್ನನ್ನು ನೋಡಿಕೊಂಡಿದೆ ಅಂತ.

ಮೆಜೆಸ್ಟಿಕ್ಕೂ ಕೆರೆಯೇ ಅಲ್ಲವೇನೇ ಒಂದು ಕಾಲಕ್ಕೆ?
ಅಂದರೆ ನಾವು ಇಷ್ಟು ವರ್ಷ
ಕೆರೆಯಂಗಳದಲ್ಲಿ ನಿಂತು ಚಿಲ್ಲರೆ ಎಣಿಸಿದೆವು.

ದಿಣ್ಣೆ ಸಿಕ್ಕಿತು.
ಬೋಳು, ಗಾಳಿ, ಗಂಟೆಗೊಂದು ಬಸ್ಸು,
ಆಸ್ಪತ್ರೆಗೆ ನಾಲ್ಕೂವರೆ ಕಿಲೋಮೀಟರು.
ಅರ್ಧ ಏರಿಗೇ ಫಿಲೋಮಿನಾಳ ಮಂಡಿ ಹೋಲ್ಡಾನ್ ಅಂದುಬಿಟ್ಟಿತು.
‘ಮುಳುಗದೆ ಇರೋ ಜಾಗದಲ್ಲಿ
ಏದುಸಿರು ಬಿಟ್ಟು ಸಾಯಬೇಕಾ?’

ಇನ್ನೊಂದು ಕಡೆ ಮೂರನೇ ಮಹಡಿ. ಲಿಫ್ಟ್ ಇದೆ.
ಕರೆಂಟ್ ಹೋದರೆ?
ಜನರೇಟರ್ ಇದೆ ಮೇಡಂ.
ಜನರೇಟರ್ ಎಲ್ಲಿದೆ?
ಮುನಿನಂಜಪ್ಪ ಬೇಸ್‌ಮೆಂಟಿನ ಕಡೆ ಬೆರಳು ಮಾಡಿ
ತಾನೇ ನಕ್ಕುಬಿಟ್ಟ.

ಆಮೇಲೆ ಅವನನ್ನು ಕೇಳುವುದು ಬಿಟ್ಟೆವು.
ಹೊಂಗೆ ಮರದಡಿಯ ಇಸ್ತ್ರಿ ಗಾಡಿಯವನನ್ನು ಕೇಳಿದೆವು,
ಈ ಬೀದಿಯಲ್ಲಿ ನಿನ್ನ ಕೆಂಡ ಎಷ್ಟು ಸಲ ಆರಿದೆ ಅಂತ.
ಗೋಡೆ ನೋಡಿದೆವು. ಕೆಳಗಿನ ಪ್ಲಗ್ಗು ಮೇಲಕ್ಕೆತ್ತಿ
ತೂತಿಗೆ ಸಿಮೆಂಟು ಮೆತ್ತಿದ್ದರೆ ಸುಮ್ಮನೆ ಹೊರಬಂದೆವು.
ಹೊಸ ಬಣ್ಣದ ವಾಸನೆ ಹೊಡೆದರೆ, ಇನ್ನೂ ಬೇಗ.

ಖುರ್ಷಿದಾ ಬಾನು ಬಣ್ಣ ಹೊಡೆಸಿರಲಿಲ್ಲ.
ರಾಜಕಾಲುವೆಯಿಂದ ನಾಲ್ಕನೇ ಅಡ್ಡರಸ್ತೆ,
ಕೆಳಗೆ ಬಾಡಿಗೆ ಮನೆ, ಮೇಲೆ ಅವರು, ಅವರ ಹೊಲಿಗೆ ಮಿಷನ್ನು.
ಅಡುಗೆಮನೆ ಬಾಗಿಲ ಪಕ್ಕ ಪೆನ್ಸಿಲಿನ ಗೆರೆಗಳು,
ಮಕ್ಕಳ ಎತ್ತರಕ್ಕೆ ಗುರುತು ಹಾಕುತ್ತಾರಲ್ಲ, ಹಾಗೆ,
ಪಕ್ಕದಲ್ಲಿ ತಾರೀಖು.
ಮಂಡಿಯಷ್ಟು. ಮಂಡಿಗಿಂತ ಎರಡು ಬೆರಳು ಮೇಲೆ.
ನಡುವೆ ಮೂರು ವರ್ಷ ಗೆರೆಯೇ ಇಲ್ಲ.

‘ಸುಳ್ಳು ಯಾಕೆ ಹೇಳಲಿ, ಬರುತ್ತೆ.
ಬಂದಾಗ ಮೇಲೆ ಬಂದುಬಿಡಿ.
ಮಿಷನ್ ಸರಿಸಿದರೆ ಇಬ್ಬರು ಮಲಗಬಹುದು.
ಗೊರಕೆ ಹೊಡೆಯೋದು ಯಾರು?’
ಇಬ್ಬರೂ ಎದುರಿನವಳನ್ನು ತೋರಿಸಿದೆವು.

ಕಂಡಕ್ಟರ್ ಬುದ್ಧಿ ಎಲ್ಲಿ ಹೋಗುತ್ತೆ:
ನೀರಿನ ಬಾಬ್ತು ಐವತ್ತು ಸಾವಿರ ಇಳಿಸಿ ಅಂದೆ.
ಮೂವತ್ತು ಅಂದರು.
ಆ ಗೆರೆಗಳ ಕಡೆ ನೋಡಿದೆ. ಮೂವತ್ತೈದಾಯಿತು.

ಫಿಲೋಮಿನಾ ಮಾತ್ರ ಹೊರಗಿನ ಮೆಟ್ಟಿಲ ಬುಡದಲ್ಲಿ ನಿಂತು
ಕಂಬಿ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದಳು.
‘ಹದಿನಾರು ಕಣೇ.
ಮೋಡ ಕಂಡ ದಿನ ನಾನು ತಿಂಡಿ ಮುಗಿಸಿದವಳೇ
ಹತ್ತೋಕೆ ಶುರು ಮಾಡ್ತೀನಿ.
ನೀನು ನಿಧಾನಕ್ಕೆ ಬಾ,
ನೀರಿನ ಜೊತೆ.’