ಅಡ್ಡಮಣಿ

ಹುರಿ ಹಿಡಿದು ಅಳತಿ ತೊಗೊಂಡೆ.
ಮೂರು ಗೇಣು, ಮ್ಯಾಲ ನಾಕು ಬಟ್ಟು.
ಗಂಟು ಹಾಕಿ ಕಿಸೆದಾಗಿಟ್ಟು
ಅಂಗಳಕ್ಕ ಬರೂದ್ರಾಗ ಮರತೆ,
ಗಂಟಿನ ಈ ಕಡಿಯೋ, ಆ ಕಡಿಯೋ.

ಮೂವತ್ತು ವರ್ಷ ಶಹಾಬಾದಿನ ಫರಸಿ ಕೊರದವ ನಾನು.
ಕಲ್ಲು ಹೇಳಿದ ಗೆರಿ ಹಿಡಿದು ಸೀಳ್ತದ,
ಒಡದ್ರ ಒಡೀತದ, ಮುಗೀತು.
ಕಟ್ಟಿಗಿ ಹಂಗಲ್ಲ.
ಗಂಟಿನ ಹತ್ರ ಬಂದ್ರ
ಮುನಿದ ಬೀಗರಂಗ ಮಾರಿ ತಿರುಗಿಸ್ತದ.

ಟಬ್ಬು ಬಂದಿದ್ದು ಮುಚ್ಚಿದ ಫ್ಯಾಕ್ಟರಿಯ ಗೆಸ್ಟ್ ಹೌಸಿನಿಂದ.
ಗುಜರಿ ಮೌಲಾಲಿ ಟಂಟಂದಾಗ ಹೇರಿಕೊಂಡು ಬಂದು
"ಸಾಹೇಬರು ಇದರಾಗ ಮಲಗಿ ಜಳಕ ಮಾಡ್ತಿದ್ರಂತ ಕಾಕಾ" ಅಂದ,
ಸತ್ತವರ ಸುದ್ದಿ ಹೇಳಿದಂಗ.
ನಾಕು ಕಾಲಿನಾಗ ಒಂದು ಇರಲಿಲ್ಲ,
ಫರಸಿ ತುಂಡು ಒಟ್ಟಿ ನಿಂದ್ರಿಸಿದೆ.
ಏಳು ವರ್ಷ ನಮ್ಮ ಎಮ್ಮಿ ಅದರಾಗ ನೀರು ಕುಡೀತು
ಮೂಗಿನ ತನಕ ಅದ್ದಿ, ಕಣ್ಣು ಮುಚ್ಚಿ,
ಯಾವ ಸಾಹೇಬಗೂ ಇರದ ಠೀವಿಲೆ.

ಎಮ್ಮಿ ಮಾರಿದ್ವಿ. ಅದೇ ವರ್ಷ
ಚಂದ್ರಭಾಗಾ ತನ್ನ ರೊಟ್ಟಿ ಕೇಂದ್ರ ಮುಚ್ಚಿದಳು.
ಒಲಿ ಮುಂದ ನಿಂತು ನಿಂತು ಮೊಣಕಾಲು ಹೋಗಿದ್ವು.
"ಬಿಸಿನೀರಾಗ ದಿನಾ ಅರ್ಧ ತಾಸು ಕುಂದರ್ರಿ" ಅಂದಳು ಡಾಕ್ಟರಮ್ಮ.
"ಅರ್ಧ ತಾಸು! ಸುಮ್ನ ಕುಂತು ಏನ್ ಮಾಡ್ಲಿ?"
ಅದಕ್ಕ ಮಾತ್ರ
ಡಾಕ್ಟರಮ್ಮನ ಹತ್ರ ಗುಳಿಗಿ ಇರಲಿಲ್ಲ.

ಅದಕ್ಕ ಈ ಮಣಿ.
ಚಾ ಇಡಲಿಕ್ಕ, ಚಷ್ಮಾ ಇಡಲಿಕ್ಕ,
ಏನೂ ಇಡದಿದ್ರ ಕೈ ಇಡಲಿಕ್ಕ.

ಹಲಗಿ ಹುಡುಕಲಿಕ್ಕ ಎಲ್ಲೂ ಹೋಗಲಿಲ್ಲ.
ಅಟ್ಟದ ಮ್ಯಾಲ ಮಕಾಡೆ ಬಿದ್ದಿತ್ತು ಅಂಗಡಿ ಬೋರ್ಡು:
'ಚಂದ್ರಭಾಗಾ ರೊಟಿ ಕೇಂದ್ರ'.
ಪೇಂಟರ್ ಒತ್ತು ನುಂಗಿದ್ದ,
ರೊಕ್ಕ ಮಾತ್ರ ಪೂರ್ತಿ ತೊಗೊಂಡಿದ್ದ.
ರೊಟಿ, ಕೇಂದ್ರ ಎರಡೂ ಕೊಯ್ದೆ,
ಅವೇ ತುಂಡು ಕೆಳಗ ಅಡ್ಡಪಟ್ಟಿ ಆದ್ವು,
ಮಣಿ ಜಾರಬಾರದಂತ.
ಒಂದು ಮೈ ರಂದಾ ಹೊಡದು ಬೆಳ್ಳಗ ಮಾಡಿದೆ.
ಇನ್ನೊಂದಕ್ಕ ಕೈ ಹೋಗಲಿಲ್ಲ.

ಉಜ್ಜುಕಾಗದ ಹಚ್ಚಿ ತಿಕ್ಕಿದೆ, ಅಂಗೈ ಸವರಿ ನೋಡಿದೆ,
ಮತ್ತ ತಿಕ್ಕಿದೆ.
ಅಂಗೈ ನನ್ನದು, ಫರಸಿಯಂಗ ಆಗ್ಯಾದ,
ಅದಕ್ಕ ಸಿಬಿರು ಎಲ್ಲಿ ತಿಳೀಬೇಕು!
ಮಗ್ಗಲಮನಿ ಹುಡುಗಿ ಕರದು
"ಗಲ್ಲ ಹಚ್ಚಿ ನೋಡವಾ" ಅಂದೆ.
ನಕ್ಕೋತ ಗಲ್ಲ ಹಚ್ಚಿ
"ಇಲ್ಲೊಂದು ಚುಚ್ತದ ಅಜ್ಜಾ" ಅಂದಳು.
ಕುಸುಬಿ ಎಣ್ಣಿ ಮೂರು ಸಲ ಕುಡಿಸಿದೆ
ನಡು ನಡು ಒಂದೊಂದು ದಿನ ಒಣಗಲಿಕ್ಕ ಬಿಟ್ಟು.
ಜೋಳದ ಹೊಲದ ಅಂಚಿನ ವಾಸನಿ ಬಂತು ಅಂಗಳಕ್ಕೆಲ್ಲ.

ಇಟ್ಟು ನೋಡಿದ್ರ, ಎಡಕ್ಕ ಒಂದು ಬಟ್ಟು ಕಮ್ಮಿ.
ಹುರಿಯ ಗಂಟು ನಗ್ತಿತ್ತು.

ನೀರು ಬರೂ ದಿನ ಕಾದು
ಇಪ್ಪತ್ತೆರಡು ಕೊಡ ತುಂಬಿದ್ವಿ, ಅವಳೇ ಎಣಿಸಿದಳು.
"ಆಮ್ಯಾಲ ಇದೆಲ್ಲ ಕರಿಬೇವಿಗೆ ಹೋಗಬೇಕು, ಗಟಾರಕ್ಕಲ್ಲ"
ಅಂತ ಮಾತು ತೊಗೊಂಡೇ ಒಳಗ ಕಾಲಿಟ್ಟಳು.
ಕದ ಎಳಕೊಂಡು ನಾನು ಹೊರಗ ಕುಂತೆ,
ಕುತ್ತಿಗಿ ತುಂಬ ಕಟ್ಟಿಗಿ ಹೊಟ್ಟು.

ಸ್ವಲ್ಪ ಹೊತ್ತು ನೀರಿನ ಸಪ್ಪಳ.
ಆಮ್ಯಾಲ
ಪಟ್, ಪಟ್, ಪಟ್ ಪಟ್,
ಒದ್ದಿ ಅಂಗೈ ಹಲಗಿ ಮ್ಯಾಲ.
ಹಿಟ್ಟಿಲ್ಲ, ಹಂಚಿಲ್ಲ, ಗಿರಾಕಿ ಇಲ್ಲ,
ಕೈ ತಮ್ಮಷ್ಟಕ್ಕ ತಾವು ರೊಟ್ಟಿ ಬಡೀತಿದ್ವು.
ಕೇಳಕೋತ ಕುಂತೆ.
ಹತ್ತು ರೊಟ್ಟಿ ಆಗಿರಬೇಕು, ಹನ್ನೊಂದು,
ಹನ್ನೆರಡನೇದು ಅರ್ಧಕ್ಕ ನಿಂತಿತು.

ಏಳಲಿಲ್ಲ ನಾನು. ಕದ ಬಡೀಲಿಲ್ಲ.

"ಏನ್ರೀ," ಒಳಗಿಂದ ದನಿ, "ಮಣಿ ಕೆಳಗ ನೀರಾಗ
ನನ್ನ ಹೆಸರು ತಿರುಗಾಮುರುಗಾ ಕಾಣ್ತದ."
ಏನು ಹೇಳಬೇಕು ತಿಳೀಲಿಲ್ಲ.
"ಎಡಕ್ಕ ಸರಿಸಬ್ಯಾಡ, ಬೀಳ್ತದ" ಅಂದೆ.

"ಗೊತ್ತದ. ಚಾ ಆರ್ಯಾದ,
ಇನ್ನೊಂದು ಕಪ್ ತರ್ರಿ.
ಅರ್ಧ ತಾಸು ಇನ್ನಾ ಆಗಿಲ್ಲ."