ಐಸ್‌ಕ್ರೀಮ್ ಡಬ್ಬಿಯ ಕಣ್ಣು

ಸೆಪ್ಟೆಂಬರ್ ಬಂತೆಂದರೆ ವಾರ್ನಾಂಬೂಲಿನಲ್ಲಿ
ಮ್ಯಾಗ್‌ಪೈಗಳು ಗೂಡು ಕಾಯುತ್ತ
ದಾರಿಹೋಕರ ತಲೆಗೆ ಎರಗುತ್ತವೆ.
ಶಾಲೆಯಿಂದ ಚೀಟಿ ಬಂದಿದೆ:
ಎರಡು ಲೀಟರಿನ ಐಸ್‌ಕ್ರೀಮ್ ಡಬ್ಬಿ ಮಗುವಿನ ತಲೆಗೆ ಹಾಕಿ,
ಹಿಂಬದಿಗೆ ಎರಡು ಕಣ್ಣು ಬರೆಯಿರಿ.
ಯಾರೋ ನೋಡುತ್ತಿದ್ದಾರೆಂದರೆ
ಹಕ್ಕಿ ಬೆನ್ನ ಹಿಂದಿನಿಂದ ಬರುವುದಿಲ್ಲವಂತೆ.

ಐಸ್‌ಕ್ರೀಮ್ ಖಾಲಿ ಮಾಡುವುದೇನು ಕಷ್ಟ?
ಎರಡು ಡಬ್ಬಿ, ಮೂರು ದಿನ.
ಹೆಚ್ಚು ತಿಂದವಳು ನಾನೇ,
ರಾತ್ರಿ, ಸಿಂಕಿನ ಪಕ್ಕ ನಿಂತು, ದೀಪ ಹಾಕದೆ.

ಬೆಳಿಗ್ಗೆ ಆರೂ ಹತ್ತು.
ಅವರಪ್ಪ ಹಾಲಿನ ಟ್ಯಾಂಕರ್ ಇಳಿದು ಬಂದು
ಮಲಗಿ ಇಪ್ಪತ್ತು ನಿಮಿಷ.
ಮನೆಯ ಮಾತೆಲ್ಲ ಪಿಸುಮಾತು.
ಪಿಸುಮಾತಿನಲ್ಲೇ "ನನ್ನ ಚಮಚಾ",
ಪಿಸುಮಾತಿನಲ್ಲೇ "ಅಲ್ಲ, ನಂದು",
ಪಿಸುಮಾತಿನಲ್ಲೇ ಒಂದು ಚಿವುಟು.
ಆಮೇಲೆ ಸ್ಟೀಲಿನ ತಟ್ಟೆ ಬಿತ್ತು.
ಅದಕ್ಕೆ ಪಿಸುಗುಡಲು ಬರುವುದಿಲ್ಲ.

ನೀಲಾಂಬಿಕೆಗೆ ಐದು ವರ್ಷ. ನಾಲಿಗೆಗಿನ್ನೂ ಳ ಹತ್ತಿಲ್ಲ.
ಬಾಲೆಹಣ್ಣು ಎನ್ನುತ್ತಾಳೆ,
ಅರ್ಧ ತಿಂದು, ಕಪ್ಪು ಚುಕ್ಕೆಗೆ ಹೇಸಿ,
ಉಳಿದದ್ದನ್ನು ಎಲ್ಲೋ ಸೇರಿಸುತ್ತಾಳೆ.
ಗುರುಬಸುವಿಗೆ ಎರಡೂವರೆ.
ಅಜ್ಜನ ಹೆಸರು, ಚೈಲ್ಡ್‌ಕೇರಿನಲ್ಲಿ ಬಝ್ ಆಗಿದೆ.
ನೊಣದ ಹೆಸರಾಯಿತಲ್ಲ ಎಂದು ಮೊದಮೊದಲು ಸಂಕಟಪಟ್ಟೆ.
ಈಗ ನೋಡಿದರೆ ಅವರದೇ ಸರಿ:
ಹಾರಿ ಬರುತ್ತಾನೆ, ಬೆಲ್ಲದ ಡಬ್ಬಿಯ ಮೇಲೆ ಕೂರುತ್ತಾನೆ,
ಓಡಿಸಿದರೆ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ.

ಎಡಗಾಲಿನ ಶೂ ಇಲ್ಲ.
ಸೋಫಾದಡಿ ಇಲ್ಲ, ಬಚ್ಚಲಿನಲ್ಲಿ ಇಲ್ಲ, ನಿನ್ನೆ ಸಿಕ್ಕಿದ ಫ್ರಿಜ್ಜಿನಲ್ಲೂ ಇಲ್ಲ.
ಅಕ್ಕಿಯ ಡಬ್ಬಿಯೊಳಗೆ ಅರ್ಧ ಹೂತು ಮಲಗಿತ್ತು.
ಯಾಕೋ ಎಂದರೆ
"ಅದಕ್ಕ ನಿದ್ದಿ ಬಂದಿತ್ತು."
ಇಂಥ ಉತ್ತರಕ್ಕೆ ಬೈಯುವುದು ಹೇಗೆ? ಸೇರು ಅಕ್ಕಿ ಜರಡಿ ಹಿಡಿದೆ.

ಮಾರ್ಕರ್ ಹಿಡಿದು ಕೂತೆ.
ಈ ಕೆಲಸ ನನಗೆ ಹೊಸತಲ್ಲ.
ಇಬ್ಬರಿಗೂ ಹುಟ್ಟಿದ ವಾರವೇ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟವಳು.
ತೂಕ ನೋಡಲು ಬಂದ ನರ್ಸ್ ಕೊಳೆಯೆಂದುಕೊಂಡು
ಒದ್ದೆ ಕಾಗದದಲ್ಲಿ ಒರೆಸಿದ್ದಳು, ಬಹಳ ಮೃದುವಾಗಿ.
ಅವಳು ಗೇಟು ದಾಟಿದ ಮೇಲೆ ಮತ್ತೆ ಇಟ್ಟೆ,
ಈ ಸಲ ಅಂಗಾಲಿಗೆ.
ಈಗ ನೋಡಿ, ಊರಿಗೆ ಊರೇ ದೃಷ್ಟಿ ತೆಗೆಸಿಕೊಂಡು ಹೊರಟಿದೆ!
ಅಂಚೆಯವನ ಹೆಲ್ಮೆಟ್ಟಿನ ತುಂಬ ಮುಳ್ಳುಹಂದಿಯಂತೆ ಪ್ಲಾಸ್ಟಿಕ್ ಕಡ್ಡಿ,
ಎದುರುಮನೆಯ ಮುದುಕಿಯ ಹ್ಯಾಟಿನ ಹಿಂದೆ ಉದ್ದ ರೆಪ್ಪೆ.
ಯಾರೂ ಇದನ್ನು ಮೂಢನಂಬಿಕೆ ಎನ್ನುವುದಿಲ್ಲ.

"ಅವ್ವಗ?" ಎಂದ ಬಝ್, ಡಬ್ಬಿಯಡಿಯಿಂದ.
"ಅವ್ವಗ ಬ್ಯಾಡ. ಆಕಿಗೆ ಹಿಂದೂ ಕಣ್ಣ ಅದಾವ."
ನಾನೇ ನೂರು ಸಲ ಹೆದರಿಸಿದ ಮಾತು.
ಅವನು ಕುರ್ಚಿ ಹತ್ತಿದ.
ಜಡೆ ಎತ್ತಿ ಹುಡುಕಿದ, ಎಷ್ಟೋ ಹೊತ್ತು.
ಕುತ್ತಿಗೆಗೆ ಅವನ ಬಿಸಿ ಉಸಿರು, ಹಾಲು-ಅವಲಕ್ಕಿಯ ವಾಸನೆ.
ಯಾರಾದರೂ ನನ್ನನ್ನು ಇಷ್ಟು ನಿಧಾನವಾಗಿ ನೋಡಿ ಎಷ್ಟು ದಿನವಾಯಿತು?
"ಐತಿ," ಎಂದ ಕೊನೆಗೆ. ಒಂದು ಮಚ್ಚೆ.
ನನಗೇ ಗೊತ್ತಿರಲಿಲ್ಲ.
ಹೆಬ್ಬೆರಳಿಂದ ಒತ್ತಿ ನೋಡಿ ಅಕ್ಕನಿಗೆ ವರದಿ ಒಪ್ಪಿಸಿದ:
"ಮಕ್ಕೊಂಡೈತಿ."

ಗೇಟಿನಾಚೆ ಕಾಲಿಟ್ಟದ್ದೇ ತಡ
ಬೆಳಗಿನಿಂದ ನುಂಗಿದ ಸದ್ದನ್ನೆಲ್ಲ ಇಬ್ಬರೂ ಒಟ್ಟಿಗೆ ಬಿಟ್ಟರು.
ಸಮುದ್ರದ ಗಾಳಿ, ಉರುಳುವ ತಳ್ಳುಗಾಡಿ,
ಯೂಕಲಿಪ್ಟಸ್ಸಿನ ಮೇಲಿಂದ ಕಪ್ಪು ಬಿಳುಪು ರೆಕ್ಕೆ.
ನಾಲ್ಕು ಹುಸಿಗಣ್ಣುಗಳನ್ನು ಬಿಟ್ಟು
ನೇರ ನನ್ನ ಜಡೆಗೇ ಎರಗಿತು.
"ಓಡವ್ವಾ!"
ಓಡಿದೆ.
ತಿರುವಿನವರೆಗೂ ನಗು ನನ್ನನ್ನು ಅಟ್ಟಿಸಿಕೊಂಡು ಬಂತು.

ಚೈಲ್ಡ್‌ಕೇರಿನ ಬಾಗಿಲಲ್ಲಿ ಸಹಿ ಹಾಕಬೇಕು.
ಪೆನ್ನಿಗೆಂದು ಕೋಟಿನ ಜೇಬಿಗೆ ಕೈ ಹಾಕಿದರೆ
ತಣ್ಣಗೆ, ಮೆತ್ತಗೆ, ಅರ್ಧ ಬಾಲೆ.
ಅಲ್ಲೇ ನಿಂತು ತಿಂದೆ, ಕಪ್ಪು ಚುಕ್ಕೆ ಸಮೇತ.
ಪೆನ್ನು ಅವರೇ ಕೊಟ್ಟರು.